ಹಬ್ಬದ ಜಾಹೀರಾತಿನಲ್ಲಿ ದೇವರ ಹೆಸರು: ಎಲ್ಲಿ ಬೇಕು, ಎಲ್ಲಿ ಬೇಡ

ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಾಗಲಿ, ಸಾಗರದ ಚಿನ್ನದ ಮಳಿಗೆಯಾಗಲಿ, ಹಬ್ಬದ ಜಾಹೀರಾತಿನಲ್ಲಿ ಶುಭಾಶಯ ಒಂದು ಸಾಲು, ಬೆಲೆ ಇನ್ನೊಂದು ಸಾಲು. ‘ಮಾರಿಕಾಂಬೆಯ ಕೃಪೆಯಿಂದ ಸೀರೆಗೆ ಶೇ 20 ರಿಯಾಯಿತಿ’ ಎಂದು ಎರಡನ್ನೂ ಹೊಸೆದರೆ ರಿಯಾಯಿತಿ ಕೊಟ್ಟವರು ದೇವಿಯೋ ನೀವೋ ಎಂದು ಗಿರಾಕಿ ನಗುತ್ತಾರೆ. ಭಕ್ತರಾದವರು ನಗುವುದೂ ಇಲ್ಲ. ಪ್ರಸಾದ, ಹರಕೆ, ವರ, ಪವಾಡ ಎಂಬ ಪದಗಳು ಬೆಲೆಯ ಹತ್ತಿರ ಸುಳಿಯದಿರಲಿ. ‘ಅಕ್ಷಯ ತೃತೀಯದಂದು ಕೊಂಡ ಚಿನ್ನ ಅಕ್ಷಯವಾಗುತ್ತದೆ’ ಎಂದರೆ ಅದು ಅಂಗಡಿಯ ಭರವಸೆಯಾಗುತ್ತದೆ. ‘ಅಕ್ಷಯವಾಗುತ್ತದೆಂಬ ನಂಬಿಕೆ’ ಎಂದರೆ ಜನರ ಮಾತು. ಎರಡನೆಯದನ್ನೇ ಬರೆಯಿರಿ.

ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಕಂಡ ಕೂಡಲೇ ‘ಹಾರ್ದಿಕ ಶುಭಾಶಯಗಳು’ ಹಾಕಿಸುವುದು ಅತಿ ಮುಜುಗರದ ತಪ್ಪು. ಗುಡ್ ಫ್ರೈಡೇ ಏಸು ಶಿಲುಬೆಯ ಮೇಲೆ ಪ್ರಾಣಬಿಟ್ಟದ್ದನ್ನು ನೆನೆಯುವ ದಿನ. ಮೊಹರಂ ತಿಂಗಳ ಹತ್ತನೆಯ ದಿನ ಕರ್ಬಲಾದಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರು ಹುತಾತ್ಮರಾದ ದಿನ. ಎರಡಕ್ಕೂ ಶುಭಾಶಯ ಬೇಡ, ಆಫರಂತೂ ಬೇಡವೇ ಬೇಡ. ಕ್ರೈಸ್ತ ಗಿರಾಕಿಗಳಿಗೆ ಶುಭ ಕೋರಲು ಎರಡೇ ದಿನ ಬಿಟ್ಟು ಈಸ್ಟರ್ ಇದೆ. ಪಿತೃಪಕ್ಷದಲ್ಲಿ ಹೊಸದೇನೂ ಕೊಳ್ಳದ ಮನೆಗಳು ಬಹಳ. ದಸರಾ ಫ್ಲೆಕ್ಸನ್ನು ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಕಟ್ಟಿಸಿ. ರಂಜಾನ್ ಹಬ್ಬ ಚಂದ್ರ ಕಂಡ ಮೇಲೆಯೇ ಖಚಿತವಾಗುವುದರಿಂದ ‘ಈದ್ ಮುಬಾರಕ್’ ಪಕ್ಕ ತಾರೀಕು ಅಚ್ಚು ಹಾಕಿಸಬೇಡಿ, ‘ಹಬ್ಬದ ಹಿಂದಿನ ರಾತ್ರಿವರೆಗೆ’ ಎಂದರೆ ಸಾಕು.

ಕೆಲವೊಮ್ಮೆ ಎರಡು ಹಬ್ಬ ಒತ್ತೊತ್ತಿಗೆ ಬರುತ್ತವೆ. 2023ರಲ್ಲಿ ಚೌತಿಗೂ ಈದ್ ಮಿಲಾದಿಗೂ ನಡುವೆ ಇದ್ದದ್ದು ಹತ್ತು ದಿನ. ‘ಸಕಲ ಹಬ್ಬಗಳ ಶುಭಾಶಯ’ ಎಂದು ಒಂದೇ ಫ್ಲೆಕ್ಸಿನಲ್ಲಿ ಮುಗಿಸಿದರೆ ಯಾರಿಗೂ ತಮಗೆ ಹೇಳಿದಂತೆ ಅನಿಸುವುದಿಲ್ಲ. ಖರ್ಚಾದರೂ ಎರಡು ಬೇರೆ ಮಾಡಿಸಿ, ಒಂದೇ ಅಳತೆ ಇರಲಿ. ಮೆರವಣಿಗೆಯ ಘೋಷಣೆಗಳನ್ನು ಅಂಗಡಿಯ ಹೆಸರಿನ ಮೇಲೆ ಹಾಕಬೇಡಿ.

ದೇವರ ಚಿತ್ರ ಎಲ್ಲಿ ಬಿದ್ದೀತು ಎಂದು ಮೊದಲೇ ಯೋಚಿಸಬೇಕು. ಕರಪತ್ರ, ಕೈಚೀಲ, ಸಿಹಿ ಡಬ್ಬಿ ಮೂರೂ ಕೊನೆಗೆ ಸೇರುವುದು ಚರಂಡಿ. ಮಲೆನಾಡಿನಲ್ಲಿ ಚೌತಿಗೂ ಮಳೆ ಬಿಟ್ಟಿರುವುದಿಲ್ಲ; ಗೋಡೆಗೆ ಅಂಟಿಸಿದ ಗಣಪತಿ ನೆನೆದು ಕಳಚಿ ರಸ್ತೆಗೆ ಬಿದ್ದು, ಕಾಲಡಿ ಸಿಗುತ್ತಾನೆ. ಅದರ ಬದಲು ಮಾವಿನ ತೋರಣ, ಹಣತೆ, ಅಡಿಕೆ ಹಿಂಗಾರ ಬರೆಸಿ. ಭೂಮಿ ಹುಣ್ಣಿಮೆಗೆ, ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಚಿತ್ತಾರಕ್ಕಿಂತ ಚೆಂದದ್ದು ಬೇರೆ ಬೇಕೆ? ಆದರೆ ಅಂತರ್ಜಾಲದಿಂದ ಎತ್ತಬೇಡಿ, ಚಿತ್ತಾರ ಬಲ್ಲ ದೀವರು ಸಮುದಾಯದ ಹೆಂಗಸರಿಂದ ಬರೆಸಿ, ಕೂಲಿ ಕೊಡಿ.

ಊದುಬತ್ತಿಯಂಥ ಸರಕಿಗೆ ಹೆಸರಿಡುವವರಿಗೆ ಇನ್ನೊಂದು ಮಾತು: ‘ರಾಮಾಯಣ’ ಎಂಬ ಪದವೊಂದನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ.

ಕೊನೆಗೆ ಪ್ರೂಫ್. ‘ಶುಭಾಷಯ’ ಅಲ್ಲ, ‘ಶುಭಾಶಯ’. ‘ನುಡಿ’ ತಂತ್ರಾಂಶದಲ್ಲಿ ಟೈಪಾದದ್ದು ಯೂನಿಕೋಡಿಗೆ ಬದಲಾಗುವಾಗ ಒತ್ತಕ್ಷರ ಚದುರುವುದುಂಟು. ‘ಲಕ್ಷ್ಮಿ’, ‘ಶ್ರೀ’, ‘ಕೃಷ್ಣ’ ಈ ಮೂರನ್ನು ಬೆರಳಿಟ್ಟು ಓದಿ. ಆ ಹಬ್ಬ ಮಾಡುವ ಮನೆಯವರೊಬ್ಬರಿಗೂ ಒಮ್ಮೆ ತೋರಿಸಿ, ಆಮೇಲೆ ಪ್ರೆಸ್ಸಿಗೆ ಕಳಿಸಿ.