ಹಿಡಿದ ಕೆಲಸ ಮುಗಿಯುವವರೆಗೆ: ನಮ್ಮ ಮನೆಯ ಕಲಿಕೆ

ನಮ್ಮ ಇಬ್ಬರು ಮಕ್ಕಳೂ ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾರೆ. ದೊಡ್ಡವಳಿಗೆ 13 ವರ್ಷ, ಚಿಕ್ಕವನಿಗೆ 8. ನಾವಿರುವುದು ಮೈಸೂರಿನಲ್ಲಿ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ ಮತ್ತು ಈ ಇಬ್ಬರು. ಹೋಂಸ್ಕೂಲಿಂಗ್ ಅಂದ ಕೂಡಲೇ ಜನ ಎರಡರಲ್ಲಿ ಒಂದನ್ನು ಊಹಿಸಿಕೊಳ್ಳುತ್ತಾರೆ. ಅಮ್ಮ ಹಾಲ್‌ನಲ್ಲಿ ಕಪ್ಪುಹಲಗೆ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಪಾಠ ಮಾಡುತ್ತಾಳೆ ಅಂತ. ಇಲ್ಲವೇ ಮಕ್ಕಳು ಹತ್ತು ಗಂಟೆಗೆ ಎದ್ದು ದಿನವೆಲ್ಲ ಆಡಿಕೊಂಡಿರುತ್ತಾರೆ ಅಂತ. ನಮ್ಮಲ್ಲಿ ನಡೆಯುವುದು ಎರಡೂ ಅಲ್ಲ.

ದೊಡ್ಡವಳು ಎರಡನೇ ಕ್ಲಾಸ್ ಮುಗಿಸುವವರೆಗೆ ಶಾಲೆಗೆ ಹೋಗಿದ್ದಳು. ಟೀಚರ್‌ಗಳು ಒಳ್ಳೆಯವರೇ, ಹೊಡೆಯುವುದು ಬೈಯುವುದು ಏನೂ ಇರಲಿಲ್ಲ. ನನಗೆ ಕಾಣುತ್ತಿದ್ದ ತೊಂದರೆ ಒಂದೇ. ಈ ಹುಡುಗಿ ಏನನ್ನಾದರೂ ಹಿಡಿದರೆ ಬಿಡುವವಳಲ್ಲ. ಇರುವೆ ಸಾಲು ಕಂಡರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುವವರೆಗೆ ಅಲ್ಲಿಂದ ಏಳುತ್ತಿರಲಿಲ್ಲ. ಶಾಲೆಯಲ್ಲಿ ಮುಕ್ಕಾಲು ಗಂಟೆಗೊಮ್ಮೆ ಬೆಲ್. ಅರ್ಧ ಬಿಡಿಸಿದ ಚಿತ್ರ, ಅರ್ಧ ಕೇಳಿದ ಕಥೆ, ಅರ್ಧ ಮಾಡಿದ ಲೆಕ್ಕ. ನಿಧಾನಕ್ಕೆ ಅವಳು ಯಾವುದನ್ನೂ ಗಟ್ಟಿಯಾಗಿ ಹಿಡಿಯುವುದನ್ನೇ ಬಿಟ್ಟಳು. ಹೇಗೂ ಬೆಲ್ ಹೊಡೆಯುತ್ತೆ ಅಲ್ವಾ? ಒಂದು ಕ್ಲಾಸಿನಲ್ಲಿ ಅಷ್ಟೊಂದು ಮಕ್ಕಳಿರುವಾಗ ಟೀಚರ್ ತಾನೇ ಬೇರೇನು ಮಾಡಿಯಾರು? ಆದರೆ ನಮ್ಮ ಕೈಯಲ್ಲಿ ಮಾಡಲು ಆಗುತ್ತಿತ್ತು. ನಾನು ಕೆಲಸ ಬಿಟ್ಟೆ, ಅವಳು ಶಾಲೆ ಬಿಟ್ಟಳು. ಚಿಕ್ಕವನು ಶಾಲೆಯ ಮೆಟ್ಟಿಲೇ ಹತ್ತಿಲ್ಲ.

ಹಿಡಿದ ಕೆಲಸ ಮುಗಿಸುವಷ್ಟು ಹೊತ್ತು ಮಕ್ಕಳಿಗೆ ಸಿಗಬೇಕು. ನಮ್ಮ ದಿನಚರಿ ಎಲ್ಲ ಇದರ ಸುತ್ತಲೇ ಇದೆ.

ಬೆಳಿಗ್ಗೆ ಆರೂವರೆಗೆ ಎಲ್ಲರೂ ಎದ್ದಿರುತ್ತೇವೆ. ಬಾಗಿಲಿಗೆ ರಂಗೋಲಿ ದೊಡ್ಡವಳದ್ದು, ಗಿಡಗಳಿಗೆ ನೀರು ಚಿಕ್ಕವನದ್ದು. ರಂಗೋಲಿ ಹಾಕುವಾಗ ಅತ್ತೆ ಒಮ್ಮೆ ಕೇಳಿದರು: "ನಡುವೆ 7 ಚುಕ್ಕಿ, ಎರಡೂ ಕಡೆ ಸಂದು ಚುಕ್ಕಿ 4ರವರೆಗೆ ಇಟ್ಟರೆ ಒಟ್ಟು ಎಷ್ಟು ಚುಕ್ಕಿ, ಎಣಿಸದೆ ಹೇಳು ನೋಡೋಣ." ಮೇಲೆ 4, 5, 6, ಕೆಳಗೂ 6, 5, 4, ನಡುವೆ 7. 37 ಅಂತ ಬಾಯಲ್ಲೇ ಕೂಡಿ ಹೇಳಿದಳು. ಆಮೇಲೆ 9 ಚುಕ್ಕಿಗೆ ಎಷ್ಟು, 11ಕ್ಕೆ ಎಷ್ಟು ಅಂತ ತಾನೇ ಶುರು ಮಾಡಿಕೊಂಡಳು. ಅವತ್ತು ತಿಂಡಿ ತಣ್ಣಗಾಯಿತು, ಆಗಲಿ ಬಿಡಿ.

ತಿಂಡಿ ಆದ ಮೇಲೆ ಎಂಟೂವರೆಯಿಂದ ಹತ್ತೂವರೆವರೆಗೆ ಕೂತು ಕಲಿಯುವ ಹೊತ್ತು. ಓದು, ಬರಹ, ಲೆಕ್ಕ. ಹಬ್ಬ, ಜ್ವರ, ಊರಿಗೆ ಹೋಗುವುದು ಬಿಟ್ಟರೆ ಇದಕ್ಕೆ ರಜೆ ಇಲ್ಲ. ಬೇಕಾದಾಗ ಮಕ್ಕಳು ತಾವೇ ಕಲಿಯುತ್ತಾರೆ, ಏನನ್ನೂ ಹೇಳಿಕೊಡಬಾರದು ಅನ್ನುವ ಅಪ್ಪ ಅಮ್ಮಂದಿರು ನಮ್ಮ ಪರಿಚಯದಲ್ಲೇ ಇದ್ದಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಓದು ಮತ್ತು ಲೆಕ್ಕ ಬಂದರೆ ಉಳಿದದ್ದನ್ನು ಮಗು ತಾನೇ ಹುಡುಕಿಕೊಂಡು ಹೋಗುತ್ತದೆ. ಅವೆರಡೇ ಕುಂಟುತ್ತಿದ್ದರೆ ಎಷ್ಟು ಸ್ವಾತಂತ್ರ್ಯ ಕೊಟ್ಟರೂ ಅದು ಅಮ್ಮನ ಬಾಯಿಯನ್ನೇ ನೋಡುತ್ತಾ ಕೂರಬೇಕು.

ಚಿಕ್ಕವನಿಗೆ ಕನ್ನಡ ಓದಲು ಕಲಿಸಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತುಂಬಾ ಜನ ಕೇಳುವುದು ಇದನ್ನೇ. ಅ ಆ ಇ ಈಯಿಂದ ಶುರು ಮಾಡಿ 49 ಅಕ್ಷರ ಮುಗಿದ ಮೇಲೆ ಪದ ಓದಿಸುವುದು ಒಂದು ದಾರಿ. ಅಷ್ಟರಲ್ಲಿ ಮಗುವಿಗೆ ಬೇಜಾರು ಬಂದಿರುತ್ತದೆ. ನಾನು ಹಿಡಿದದ್ದು ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಳಕೆಯಲ್ಲಿರುವ ದಾರಿ. ಮೊದಲು ರ, ಗ, ಸ, ದ, ಅ. ಬರೀ ಐದು ಅಕ್ಷರ. ಬರೆಯಲು ಸುಲಭ, ಒಂದರ ಹಾಗೆ ಇನ್ನೊಂದು. ಆ ಐದರಲ್ಲೇ ಸರ, ದರ, ರಸ, ಅರಸ, ಅಗಸ ಎಲ್ಲ ಸಿಗುತ್ತವೆ. ಹಳೇ ಮದುವೆ ಕಾರ್ಡುಗಳನ್ನು ಚೌಕ ಚೌಕವಾಗಿ ಕತ್ತರಿಸಿ ಒಂದೊಂದರ ಮೇಲೂ ಒಂದಕ್ಷರ ಬರೆದುಕೊಟ್ಟೆ. ಅವನು ನೆಲದ ಮೇಲೆ ಜೋಡಿಸುತ್ತಾ ಜೋಡಿಸುತ್ತಾ ಒಂದು ದಿನ 'ಗರಗಸ' ಅಂತ ಓದಿದ. ನಾನು ಹೇಳಿಕೊಟ್ಟ ಪದವಲ್ಲ ಅದು. ಓದಿದವನೇ ಎದ್ದು ಹೋಗಿ ಅಪ್ಪನ ಟೂಲ್ಸ್ ಡಬ್ಬಿಯಿಂದ ಗರಗಸ ತಂದು ಆ ಕಾರ್ಡುಗಳ ಪಕ್ಕ ಇಟ್ಟ. ಆಮೇಲೆ ಜ, ವ, ಮ, ಬ, ನ ಬಂತು. ಅಲ್ಲಿಗೆ "ಬಸವ ಜನರ ಅರಸ" ಅಂತ ವಾಕ್ಯವೇ ಆಯಿತು. ಒಂದೂ ಕಾಗುಣಿತ ಬಾರದ ಮಗು ಪೂರ್ತಿ ವಾಕ್ಯ ಓದಿದಾಗ ಅದರ ಮುಖ ನೋಡಬೇಕು.

ಒತ್ತಕ್ಷರಕ್ಕೆ ಮನೆಯವರನ್ನೇ ಹಿಡಿದೆವು. ಅಮ್ಮ, ಅಪ್ಪ, ಅಕ್ಕ, ಅಜ್ಜಿ, ಅತ್ತೆ, ಅಣ್ಣ. ಅದದೇ ಅಕ್ಷರದ ಒತ್ತು ಮೊದಲು ಗಟ್ಟಿಯಾದರೆ 'ಪುಸ್ತಕ', 'ರಸ್ತೆ' ಆಮೇಲೆ ಕಷ್ಟವಾಗಲ್ಲ. ಉಳಿದ ಅಭ್ಯಾಸ ಎಲ್ಲ ಅಂಗಡಿ ಬೋರ್ಡುಗಳಲ್ಲಿ, ಬಸ್ಸಿನ ಹಣೆಯ ಮೇಲೆ. ಅಂದಹಾಗೆ, ಆಟವಾಡುತ್ತಾ ಕಾರ್ಡುಗಳಲ್ಲಿ ಕಲಿಸುವ ನಲಿಕಲಿ ಪದ್ಧತಿ ಕರ್ನಾಟಕದಲ್ಲಿ 1995ರಲ್ಲಿ ಶುರುವಾದದ್ದು ನಮ್ಮ ಜಿಲ್ಲೆಯ ಹೆಚ್.ಡಿ. ಕೋಟೆಯಲ್ಲೇ. ಹೋಂಸ್ಕೂಲಿಂಗ್ ಮಾಡುವವರಲ್ಲಿ ಕೆಲವರು ವಿದೇಶದ ದುಬಾರಿ ಪಠ್ಯಕ್ರಮ ತರಿಸಿಕೊಳ್ಳುತ್ತಾರೆ. ನಮ್ಮ ಸರ್ಕಾರಿ ಪಠ್ಯಪುಸ್ತಕಗಳು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಮೊದಲು ಅವನ್ನು ಬಿಡಿಸಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹತ್ತೂವರೆ ಆದ ಮೇಲೆ ಅಡುಗೆ. ಅದರಲ್ಲಿ ಮಕ್ಕಳ ಪಾಲೂ ಇದೆ. ದೊಡ್ಡವಳು ಸಾರು, ಪಲ್ಯ ತಾನೇ ಮಾಡುತ್ತಾಳೆ. ಚಿಕ್ಕವನು ಅವರೆಕಾಯಿ ಬಿಡಿಸುತ್ತಾನೆ, ಕೊತ್ತಂಬರಿ ಸೋಸುತ್ತಾನೆ, ಪಾವಿನಲ್ಲಿ ಅಕ್ಕಿ ಅಳೆಯುತ್ತಾನೆ.

ಈ ಪಾವು ಬಂದದ್ದರ ಹಿಂದೆ ಒಂದು ಕಥೆ ಇದೆ. ದೊಡ್ಡವಳು ಚಿಕ್ಕವಳಿದ್ದಾಗ ದೇವರಾಜ ಮಾರ್ಕೆಟ್ಟಿಗೆ ಹೂ ತರಲು ಹೋಗಿದ್ದೆವು. ಅಲ್ಲಿ ಒಬ್ಬ ಅಜ್ಜಿ ಮೊಳ ಹಾಕಿ ಮಲ್ಲಿಗೆ ಕೊಡುತ್ತಿದ್ದರು. ಇವಳು ನೋಡಿ ನೋಡಿ ಕೇಳಿಯೇಬಿಟ್ಟಳು: "ಅಜ್ಜಿ, ನಿಮ್ಮ ಕೈ ಚಿಕ್ಕದಲ್ವಾ? ನಮ್ಮಪ್ಪನ ಕೈಯಲ್ಲಿ ಅಳೆದ್ರೆ ನಮಗೆ ಜಾಸ್ತಿ ಹೂ ಬರುತ್ತೆ." ಅಜ್ಜಿ ನಕ್ಕು, "ಹಂಗಾದ್ರೆ ನಿಮ್ಮಪ್ಪನ್ನೇ ಹೂ ಕಟ್ಟಕ್ಕೆ ಕೂರ್ಸು ಪುಟ್ಟಿ" ಅಂದು ಒಂದು ಗೇಣು ಹೆಚ್ಚೇ ಕೊಟ್ಟರು. ಮನೆಗೆ ಬಂದವಳೇ ಟೇಪ್ ಹಿಡಿದು ಎಲ್ಲರ ಮೊಳ ಅಳೆದಳು. ನಮ್ಮ ಮನೆಯ ಅಜ್ಜಿಯದು, ಅಂದರೆ ಅತ್ತೆಯದು, 41 ಸೆಂಟಿಮೀಟರ್, ನನ್ನದು 43, ಅಪ್ಪನದು 47. ಹತ್ತು ಮೊಳ ಹೂ ತಂದರೆ ಅಪ್ಪನ ಕೈಗೂ ಅಜ್ಜಿಯ ಕೈಗೂ 60 ಸೆಂಟಿಮೀಟರ್ ವ್ಯತ್ಯಾಸ! ಇದು ಮೋಸ ಅಲ್ವಾ ಅಂತ ಅವಳ ಪ್ರಶ್ನೆ. ಹಾಗಾದರೆ ಎಲ್ಲರಿಗೂ ಒಂದೇ ಅಳತೆ ಯಾರು ಮಾಡಿದರು?

ನಾನು ಉತ್ತರ ಹೇಳಲಿಲ್ಲ. ಅತ್ತೆ ಅಟ್ಟದಿಂದ ಹಿತ್ತಾಳೆಯ ಸೇರು, ಪಾವು ಇಳಿಸಿದರು. ನಾಲ್ಕು ಪಾವು ಸೇರಿದರೆ ಒಂದು ಸೇರು ಅಂತ ರಾಗಿ ಸುರಿದು ಸುರಿದು ನೋಡಿದಳು. ಕಾಲು, ಅರ್ಧ, ಮುಕ್ಕಾಲು ಅವಳ ಕೈಗೆ ಹತ್ತಿದ್ದು ಹಾಗೆ. ತಾವು ಚಿಕ್ಕವರಿದ್ದಾಗ ಊರಿನಲ್ಲಿ ಇನ್ನೂ ಸೇರಿನ ಲೆಕ್ಕವೇ ನಡೆಯುತ್ತಿತ್ತು ಅಂತ ಅತ್ತೆ ಹೇಳಿದರು. ದೇಶಕ್ಕೆಲ್ಲ ಮೀಟರ್, ಕಿಲೋಗ್ರಾಂ ತರುವ ಕಾಯ್ದೆ ಆದದ್ದು 1956ರಲ್ಲಿ ಅಂತ ಅಪ್ಪನ ಜೊತೆ ಕೂತು ಹುಡುಕಿದಳು. ಸುಮಾರು ದಿನ ನಮ್ಮ ಮನೆಯಲ್ಲಿ ಅಳತೆಯದ್ದೇ ಮಾತು. ಲೆಕ್ಕ, ಇತಿಹಾಸ, ಸ್ವಲ್ಪ ಕಾನೂನು ಎಲ್ಲ ಅದರಲ್ಲೇ ಬಂತು. ಇನ್ನು ಸಾಕು, ಮುಂದಿನ ಪಾಠಕ್ಕೆ ಹೋಗೋಣ ಅಂತ ಹೇಳುವವರು ಯಾರೂ ಇರಲಿಲ್ಲ. ಅವಳ ಪ್ರಶ್ನೆ ತೀರಿದಾಗ ಅವಳೇ ನಿಲ್ಲಿಸಿದಳು.

ಮಧ್ಯಾಹ್ನದ ಹೊತ್ತು ಪೂರ್ತಿ ಮಕ್ಕಳದ್ದು. ಟಿವಿ, ಮೊಬೈಲ್ ಇಲ್ಲ ಅನ್ನುವುದೊಂದೇ ಷರತ್ತು. ಮೊದಮೊದಲು "ಬೋರು, ಬೋರು" ಅಂತ ಗೋಳಾಡುತ್ತಿದ್ದರು. ಆಗ ನಾವು ಏನನ್ನೂ ಸೂಚಿಸಬಾರದು, ಸುಮ್ನೆ ನಮ್ಮ ಕೆಲಸ ಮಾಡಿಕೊಂಡಿರಬೇಕು. ಈಗ ದೊಡ್ಡವಳು ಚಿತ್ರ ಬಿಡಿಸುತ್ತಾಳೆ, ಓದುತ್ತಾಳೆ, ಹೊಲಿಯುತ್ತಾಳೆ. ಚಿಕ್ಕವನು ಅಜ್ಜಿಯ ಜೊತೆ ಚೌಕಾಬಾರ ಆಡುತ್ತಾನೆ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು. ಯಾವ ಕಾಯಿ ನಡೆಸಿದರೆ ಅಜ್ಜಿಯ ಕಾಯಿ ಹೊಡೆಯಬಹುದು ಅಂತ ಮುಂಚೆಯೇ ಲೆಕ್ಕ ಹಾಕಿ ಕೂತಿರುತ್ತಾನೆ. ಕೂಡಿಸುವ ಪುಸ್ತಕದ ಹತ್ತು ಪುಟಕ್ಕಿಂತ ಇದರಲ್ಲಿ ಜಾಸ್ತಿ ಲೆಕ್ಕ ಇದೆ.

ವಾರದಲ್ಲಿ ಒಂದೆರಡು ಸಲ ಬೆಳಿಗ್ಗೆ ಬೇಗ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಅದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ ಎಲ್ಲ ಸಿಗುತ್ತವೆ. ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಯಾಕೆ ನಿಂತಿರುತ್ತದೆ ಅನ್ನುವುದು ಚಿಕ್ಕವನ ಪ್ರಶ್ನೆ. ಒಣಗಿಸಿಕೊಳ್ಳಲು ಅಂತ ಅಕ್ಕ ಹೇಳಿದಳು. ಹಾಗಾದರೆ ಹೆಜ್ಜಾರ್ಲೆ ಯಾಕೆ ಹಾಗೆ ನಿಲ್ಲಲ್ಲ? ಅದೂ ನೀರಲ್ಲೇ ಇರುತ್ತಲ್ಲ? ಒಳ್ಳೇ ಪ್ರಶ್ನೆ. ಎಷ್ಟೋ ಸಲ ಹೋಗಿ ನೋಡಿದ ಮೇಲೆ ಅವನೇ ಹೇಳಿದ: "ನೀರುಕಾಗೆ ಒಳಗೆ ಮುಳುಗುತ್ತೆ, ಹೆಜ್ಜಾರ್ಲೆ ಮೇಲೇ ತೇಲುತ್ತೆ." ಆಗ ಪುಸ್ತಕ ತೆಗೆದೆವು. ನೀರುಕಾಗೆಯ ಗರಿ ನೀರು ಹೀರುತ್ತದೆ, ಅದರಿಂದ ಮುಳುಗಲು ಸುಲಭವಾಗುತ್ತದೆ, ಹೊರಗೆ ಬಂದ ಮೇಲೆ ಒಣಗಿಸಿಕೊಳ್ಳಬೇಕಾಗುತ್ತದೆ. ನೋಡಿದ್ದು ಮೊದಲು, ಪುಸ್ತಕ ಆಮೇಲೆ. ಈ ಕ್ರಮ ತಪ್ಪದ ಹಾಗೆ ನಾನು ತುಂಬಾ ಜಾಗ್ರತೆಯಾಗಿರುತ್ತೇನೆ.

ಮಕ್ಕಳು ಬೇರೆಯವರ ಜೊತೆ ಬೆರೆಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಸಂಜೆ ನಾಲ್ಕೂವರೆಗೆ ಬೀದಿಯ ಮಕ್ಕಳು ಶಾಲೆಯಿಂದ ಬರುತ್ತಾರೆ, ಕತ್ತಲಾಗುವವರೆಗೆ ಆಟ. ದೊಡ್ಡವಳಿಗೆ ಸಂಗೀತದ ಕ್ಲಾಸ್ ಇದೆ. ಬ್ಯಾಂಕು, ಪೋಸ್ಟಾಫೀಸು, ಟೈಲರ್ ಅಂಗಡಿ ಎಲ್ಲ ಕಡೆ ನನ್ನ ಜೊತೆ ಬಂದು ಅವರೇ ಮಾತಾಡುತ್ತಾರೆ. ವಯಸ್ಸಾದವರ ಜೊತೆ, ಸಣ್ಣ ಮಕ್ಕಳ ಜೊತೆ ಹೇಗಿರಬೇಕು ಅಂತ ಅವರಿಗೆ ಗೊತ್ತು. ತಿಂಗಳಿಗೊಮ್ಮೆ ಮನೆಯಲ್ಲೇ ಕಲಿಯುವ ಬೇರೆ ಮಕ್ಕಳ ಮನೆಗಳವರೂ ಸೇರುತ್ತೇವೆ.

ಇನ್ನೊಂದು ಪ್ರಶ್ನೆ ಕಾನೂನಿನದ್ದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಕಡ್ಡಾಯ ಅನ್ನುತ್ತದೆ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ನಿನಲ್ಲಿದೆ. ಸೇರಿಸದಿದ್ದರೆ ಪೋಷಕರಿಗೆ ದಂಡ ಅಂತ ಇಲ್ಲ. ಮನೆಯಲ್ಲಿ ಕಲಿಸುವುದರ ಬಗ್ಗೆ ಕಾಯ್ದೆ ಮಾತೇ ಆಡುವುದಿಲ್ಲ. ನಡುವೆ ಶಾಲೆಗೆ ಸೇರಬೇಕು ಅನ್ನಿಸಿದರೆ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಬೇಕು ಅಂತ 4ನೇ ಸೆಕ್ಷನ್ ಹೇಳುತ್ತದೆ. ಈ ಬಾಗಿಲು ತೆರೆದಿರುವುದು ನನಗೆ ದೊಡ್ಡ ಧೈರ್ಯ. ಮಕ್ಕಳಿಗೂ ಹೇಳಿದ್ದೇವೆ, ಯಾವತ್ತು ಶಾಲೆ ಬೇಕು ಅನ್ನಿಸಿದರೂ ಹೇಳಿ, ಸೇರಿಸುತ್ತೇವೆ ಅಂತ.

ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳುವುದಿಲ್ಲ. ಒಬ್ಬರ ಸಂಬಳದಲ್ಲಿ ಮನೆ ನಡೆಯಬೇಕು. ಅತ್ತೆಯಂಥ ಹಿರಿಯರು ಜೊತೆಗಿದ್ದರೆ ಅರ್ಧ ಭಾರ ಇಳಿದ ಹಾಗೆ. ಎಷ್ಟೋ ಮಕ್ಕಳಿಗೆ ಶಾಲೆ ಅಂದರೆ ಮಧ್ಯಾಹ್ನದ ಬಿಸಿಯೂಟ, ಗೆಳೆಯರು, ಮನೆಗಿಂತ ನೆಮ್ಮದಿಯ ಜಾಗ. ಅಂಥ ಶಾಲೆಗಳು ಇನ್ನೂ ಚೆನ್ನಾಗಿ ನಡೆಯಬೇಕು ಅನ್ನುವುದು ನನ್ನ ಆಸೆ.

ನನ್ನ ಮಕ್ಕಳ ವಿಷಯದಲ್ಲಿ ನನಗಿರುವ ಗುರಿಗಳು ದೊಡ್ಡವೇನಲ್ಲ. ಆದರೆ ಬಿಟ್ಟುಕೊಡುವಂಥವೂ ಅಲ್ಲ. ಕನ್ನಡದಲ್ಲಿ ಏನು ಕೊಟ್ಟರೂ ಓದಿ, ತಮ್ಮ ಮಾತಿನಲ್ಲಿ ಬರೆಯಬೇಕು. ಇಂಗ್ಲಿಷ್ ಹೆದರಿಕೆಯಿಲ್ಲದೆ ಬರಬೇಕು. ನಾಲ್ಕು ಜನಕ್ಕೆ ಅಡುಗೆ ಮಾಡಿ ಬಡಿಸುವುದು ಮಗಳಿಗೆ ಬರುವಷ್ಟೇ ಮಗನಿಗೂ ಬರಬೇಕು. ಮನೆಯ ಖರ್ಚು ತಿಳಿದಿರಬೇಕು. ದೊಡ್ಡವಳು ಈಗಾಗಲೇ ಕರೆಂಟ್ ಮೀಟರ್ ನೋಡಿ ಬರೆದಿಟ್ಟು ಬಿಲ್ಲಿನ ಜೊತೆ ತಾಳೆ ಹಾಕುತ್ತಾಳೆ. ಒಂದು ಕಲೆಯನ್ನೋ ಕೈಕೆಲಸವನ್ನೋ ವರ್ಷಗಟ್ಟಲೆ ಹಿಡಿದಿರಬೇಕು. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಹೋಗಿ ಕೇಳುವ ಸಂಕೋಚ ಇರಬಾರದು.

ಪರೀಕ್ಷೆಯನ್ನು ನಾವು ಬಿಟ್ಟಿಲ್ಲ. ದೊಡ್ಡವಳಿಗೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ಎನ್‌ಐಓಎಸ್‌ನಲ್ಲಿ, ಹತ್ತನೇ ತರಗತಿಗೆ ಹೆಸರು ನೋಂದಾಯಿಸುತ್ತೇವೆ. ಹುಟ್ಟಿದ ತಾರೀಕಿನ ದಾಖಲೆ ಬೇಕು. ಎಂಟನೇ ಕ್ಲಾಸಿನ ಸರ್ಟಿಫಿಕೇಟ್ ಇಲ್ಲದಿದ್ದರೆ, ಹತ್ತನೇ ತರಗತಿಗೆ ಬೇಕಾದಷ್ಟು ಕಲಿತಿದ್ದೇನೆ ಅಂತ ತಾವೇ ಬರೆದುಕೊಟ್ಟರೆ ಆಗುತ್ತದೆ. ಐದು ವಿಷಯ ಪಾಸಾಗಬೇಕು. ಎಲ್ಲವನ್ನೂ ಒಂದೇ ಸಲ ಬರೆಯಲೇಬೇಕು ಅಂತಿಲ್ಲ, ಐದು ವರ್ಷದ ಅವಧಿ ಇದೆ. ಇವಳ ಆಯ್ಕೆ ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ ಮತ್ತು ಚಿತ್ರಕಲೆ. ಕನ್ನಡ, ಚಿತ್ರಕಲೆ ಮೊದಲು ಮುಗಿಸಿ, ಗಣಿತಕ್ಕೆ ಇನ್ನಷ್ಟು ಹೊತ್ತು ತೆಗೆದುಕೊಳ್ಳುತ್ತೇನೆ ಅಂತ ಅವಳೇ ಯೋಜನೆ ಹಾಕಿಕೊಂಡಿದ್ದಾಳೆ. ಪ್ರಾಕ್ಟಿಕಲ್ ಇರುವ ವಿಷಯಗಳಿಗೆ ಮಾತ್ರ ಸ್ಟಡಿ ಸೆಂಟರಿಗೆ ಹೋಗಬೇಕು. ಅಲ್ಲಿಗೆ ಯಾವ ಬಸ್ಸು, ಎಷ್ಟು ಹೊತ್ತಿಗೆ ಅಂತ ವಿಚಾರಿಸಿಕೊಂಡು ಬರುವ ಕೆಲಸವನ್ನೂ ಅವಳಿಗೇ ಬಿಟ್ಟಿದ್ದೇನೆ.