ಗೊದ್ದಕ್ಕೆ ಊಟ ಹಾಕಿ ಜೇನು ಉಳಿಸಿಕೊಂಡೆ

ಎರಡು ವರ್ಷದಲ್ಲಿ ನನ್ನ ಮೂರು ತುಡುವೆ ಜೇನು ಕುಟುಂಬ ಗೊದ್ದದ, ಅಂದರೆ ದೊಡ್ಡ ಕಪ್ಪು ಇರುವೆಯ, ಕಾಟಕ್ಕೆ ಪೆಟ್ಟಿಗೆ ಬಿಟ್ಟು ಹಾರಿದವು. ಒಂದೊಂದು 2,000 ರೂಪಾಯಿ ಮಾಲು ಅಂದುಕೊಳ್ಳಿ. ಜೇನುತುಪ್ಪದ ಲೆಕ್ಕ ಬೇರೆ.

ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟಿರಲಿಲ್ವಾ ಅಂತ ಕೇಳಬೇಡಿ. ಇಟ್ಟಿದ್ದೆ. ಅಡಿಕೆ ತೋಟದಲ್ಲಿ ಒಂದು ಒಣ ಎಲೆ ಬಿದ್ದರೆ ಸಾಕು, ಅದೇ ಗೊದ್ದಕ್ಕೆ ದಾಟುವ ಸಂಕ. ಸುಟ್ಟ ಆಯಿಲ್ ಹಾಕಿದೆ, ಮಳೆಗೆ ತುಂಬಿ ಹರಿಯಿತು. ಇರುವೆ ಚಾಕ್, ಅರಿಸಿನ, ಬೂದಿ, ಎಲ್ಲ ಸೇರಿ 1,500 ಖರ್ಚು. ಸಾಲನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಅರ್ಧ ಗಂಟೆ ತಬ್ಬಿಬ್ಬಾದವು, ಆಮೇಲೆ ಮತ್ತದೇ ಸಾಲು.

ಬರುವ ದಾರಿ ಕಟ್ಟಲು ಆಗಲಿಲ್ಲ. ಸರಿ, ವಾಪಸ್ ಹೋಗುವಾಗ ಬೆನ್ನು ಹತ್ತಿದೆ. ರಾತ್ರಿ ಜೇನುತುಪ್ಪ ಸವರಿದ ಕೊಬ್ಬರಿ ಚೂರು ಇಟ್ಟು, ತಿಂದು ಹೊರಟವುಗಳ ಮೇಲೆ ಮೈದಾ ಉದುರಿಸಿದೆ. ಟಾರ್ಚಿಗೆ ಬೆಳ್ಳಗೆ ಕಾಣುತ್ತವೆ. ಹುಡುಕುವಾಗ ಅಡ್ಡಾದಿಡ್ಡಿ ಸುತ್ತುವ ಪ್ರಾಣಿ, ಹೊಟ್ಟೆ ತುಂಬಿದ ಮೇಲೆ ಎಷ್ಟು ನೆಟ್ಟಗೆ ಹೋಗುತ್ತದೆ ಅಂತೀರಿ! ಸ್ಪ್ರಿಂಕ್ಲರ್ ಪೈಪಿನ ಮೇಲೆ ಸುಮಾರು 40 ಹೆಜ್ಜೆ, ಅಲ್ಲಿಂದ ಹಲಸಿನ ಮರದ ಬುಡ.

ಸಹಾರಾದಲ್ಲಿ ಒಂದು ಜಾತಿಯ ಇರುವೆ ಇದೆ. ಸೂರ್ಯನನ್ನು ನೋಡಿ ದಿಕ್ಕು ಹಿಡಿಯುತ್ತದೆ, ದೂರಕ್ಕೆ ಹೆಜ್ಜೆ ಲೆಕ್ಕ. ಅದರ ಕಾಲಿಗೆ ಹಂದಿ ಕೂದಲು ಅಂಟಿಸಿ ಉದ್ದ ಮಾಡಿದಾಗ ಗೂಡು ದಾಟಿ ಮುಂದೆ ಹೋಯಿತು ಅಂತ 2006ರಲ್ಲಿ ವಿಜ್ಞಾನಿಗಳು ಬರೆದರು. ನಾನೂ ಬಿಡಲಿಲ್ಲ. ಒಂದು ಗೊದ್ದವನ್ನು ಎತ್ತಿ ಹತ್ತು ಹೆಜ್ಜೆ ಆಚೆ ಬಿಟ್ಟೆ. ಸುತ್ತಿ ಸುತ್ತಿ, ಪೈಪ್ ಸಿಕ್ಕಿದ್ದೇ ಮನೆ ಕಡೆ ಓಡಿತು. ಐದಾರು ಸಲ ಹೀಗೇ. ನಮ್ಮದಕ್ಕೆ ಪೈಪೇ ಹೆದ್ದಾರಿ.

ಆ ಹೆದ್ದಾರಿ ಪಕ್ಕದಲ್ಲೇ ಸಕ್ಕರೆ ಪಾಕ, ಅದರಲ್ಲಿ ಇರುವೆಗೆ ವಿಷವಾಗುವ ಬೋರಿಕ್ ಪುಡಿ. ಚಿಕ್ಕಪ್ಪ ನಕ್ಕರು: "ನೆಂಟರನ್ನ ಕರೆದು ಊಟ ಹಾಕಿದ ಹಾಗಾಯ್ತಲ್ಲೋ ತಮ್ಮಾ!"

ಮೊದಲ ಸಲ ಅವರೇ ಗೆದ್ದರು. ಜಾಸ್ತಿ ಪುಡಿ ಹಾಕಿದ್ದೆ, ತಿಂದವು ಬಟ್ಟಲ ಹತ್ತಿರವೇ ಸತ್ತವು, ಉಳಿದವು ಬಟ್ಟಲನ್ನು ಸುತ್ತಿಕೊಂಡು ಹೋದವು. ಸಾಯಬಾರದು, ಮನೆ ಮುಟ್ಟಬೇಕು. ಬಾಯಿಂದ ಬಾಯಿಗೆ ಹಂಚಿದರೆ ತಾನೇ ರಾಣಿಗೆ ಸಿಗೋದು? 100 ಮಿಲಿ ಪಾಕಕ್ಕೆ ಒಂದು ಗ್ರಾಂಗಿಂತ ಮೇಲೆ ಹೋಗಬೇಡಿ. ಎರಡನೇ ಸಲ ಬೆಳಿಗ್ಗೆ ಬಟ್ಟಲು ತೆಗೆಯಲು ಮರೆತೆ, ಜೇನೇ ಬಂದು ಕೂತಿತ್ತು! ಎದೆ ಧಸಕ್ಕೆಂದಿತು. ಈಗ ಕತ್ತಲಾದ ಮೇಲೆ ಇಟ್ಟು, ಬೆಳಕು ಹರಿಯುವ ಮೊದಲು ತೆಗೆಯುತ್ತೇನೆ. ಗೊದ್ದಕ್ಕೆ ರಾತ್ರಿಯೇ ಸಂತೆ. ಪಾಕಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದನ್ನು ಇಲ್ಲಿ ಹೇಳಲ್ಲ.

ಮೂರು ವಾರಕ್ಕೆ ಪೈಪ್ ಖಾಲಿ. ಖರ್ಚು 100 ರೂಪಾಯಿ ದಾಟಿಲ್ಲ. ಈ ಸಲ ಒಂದು ಕುಟುಂಬವೂ ಹಾರಿಲ್ಲ. ಮೊನ್ನೆ ಚಿಕ್ಕಪ್ಪ ಸುಮ್ನೆ ಬಂದವರ ಹಾಗೆ ಬಂದು ಬೋರಿಕ್ ಡಬ್ಬಿ ಒಯ್ದರು.

ಮರದಲ್ಲಿ ಎಲೆಗೂಡು ಕಟ್ಟುವ ಕೆಂಪಿರುವೆ ಚಗಳಿಗೆ ಮಾತ್ರ ಈ ಊಟ ಹಿಡಿಸಲಿಲ್ಲ. ಅದಕ್ಕೆ ಈಗಲೂ ಪೆಟ್ಟಿಗೆಗೆ ತಾಗುವ ಕೊಂಬೆ ಸವರುವುದೇ.