ಪರ್ಮ್‌ಕ್ಯಾತ್ ತೆಗೆಯದೆ ಲಾಕ್ ಹಾಕಿಯೇ ಉಳಿಸಿಕೊಂಡೆವು

ಪರ್ಮ್‌ಕ್ಯಾತ್‌ಗೆ (ಡಯಾಲಿಸಿಸ್‌ಗೆ ಅಂತ ದೊಡ್ಡ ನರದೊಳಗೆ ಕೂರಿಸುವ ಕ್ಯಾಥೆಟರ್ ಕೊಳವೆ) ಇನ್ಫೆಕ್ಷನ್ ಬಂತಾ, ತೆಗೆದು ಬೇರೆ ಹಾಕಿ. ಕೋಲಾರದಲ್ಲಿ ಡಯಾಲಿಸಿಸ್ ಕೆಲಸಕ್ಕೆ ಸೇರಿದಾಗಿನಿಂದ ಕೇಳಿದ್ದು ಇದೇ ಮಾತು. ಆದರೆ ಶ್ರೀನಿವಾಸಪುರದ ಕಡೆಯಿಂದ ವಾರಕ್ಕೆ ಎರಡು ಸಲ ಬಸ್ಸಲ್ಲಿ ಬರುವ ಆಯಮ್ಮನಿಗೆ ಹೊಸದು ಅಂದರೆ ಎಲ್ಲಾ ಸೇರಿ 20-25 ಸಾವಿರ. ಎರಡೂ ಕೈಯ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿ ಮಾಡಿದ್ದು) ಫೇಲ್ ಆಗಿತ್ತು. "ಅಣ್ಣಾ, ಇದೂ ಹೋದ್ರೆ ಇನ್ನೆಲ್ಲಿ ಚುಚ್ತೀರಾ?" ಅಂದರು.

ಮೆಷಿನ್‌ಗೆ ಹಾಕಿ ಅರ್ಧ ಗಂಟೆಗೆ ಗಡಗಡ ನಡುಕ. ವ್ಯಾಂಕೋಮೈಸಿನ್ ಆಂಟಿಬಯೋಟಿಕ್ ಕೊಡುವಷ್ಟು ದಿನ ಜ್ವರ ಇಲ್ಲ, ನಿಲ್ಲಿಸಿದ ವಾರಕ್ಕೆ ಮತ್ತೆ ಶುರು. ಕ್ಯಾಥೆಟರ್ ಒಳಗೋಡೆಗೆ ಬ್ಯಾಕ್ಟೀರಿಯಾ ಕಟ್ಟಿಕೊಂಡ ಪಾಚಿ ಹಾಗೇ ಇದ್ದರೆ ಇನ್ನೇನಾಗುತ್ತದೆ? ರಕ್ತದ ಕಲ್ಚರ್‌ನಲ್ಲಿ ಬಂದಿದ್ದು ಸ್ಟ್ಯಾಫ್ ಎಪಿಡರ್ಮಿಡಿಸ್, ಚರ್ಮದ ಮೇಲಿರುವ, ಅಷ್ಟು ಜೋರಲ್ಲದ ಬ್ಯಾಕ್ಟೀರಿಯಾ. ಅದಕ್ಕೇ ಧೈರ್ಯ ಮಾಡಿ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ಹತ್ತಿರ ಲಾಕ್ ಮಾತೆತ್ತಿದೆ. ಲಾಕ್ ಅಂದರೆ ಡಯಾಲಿಸಿಸ್ ಇಲ್ಲದ ಹೊತ್ತಲ್ಲಿ ಕ್ಯಾಥೆಟರ್ ಒಳಗೇ ಆಂಟಿಬಯೋಟಿಕ್ ತುಂಬಿ ಮುಚ್ಚಿಡೋದು. ಜೋರಿನ ಸ್ಟ್ಯಾಫ್ ಆರಿಯಸ್ಸೋ ಕ್ಯಾಂಡಿಡಾ ಫಂಗಸ್ಸೋ ಆಗಿದ್ದರೆ, ಟನೆಲ್‌ನಲ್ಲಿ (ಚರ್ಮದಡಿ ಕ್ಯಾಥೆಟರ್ ಹಾಯುವ ದಾರಿ) ಕೀವಿದ್ದರೆ, ನಾನೇ ತೆಗೆಸಿಬಿಡಿ ಅನ್ನುತ್ತಿದ್ದೆ.

ಮೊದಲನೇ ಸಲ ಕೆಟ್ಟಿದ್ದು ವಾರ್ಡಿನಲ್ಲಿ. ಸಂಜೆ ಲಾಕ್ ಹಾಕಿ ಹೋದೆ. ಕೈಯಲ್ಲಿ ನರ ಸಿಗಲಿಲ್ಲ ಅಂತ ರಾತ್ರಿ ಯಾರೋ ಅದೇ ಕ್ಯಾಪ್ ಬಿಚ್ಚಿ ಡ್ರಿಪ್ ಓಡಿಸಿದ್ದರು. ಲಾಕ್ ಎಲ್ಲಾ ರಕ್ತಕ್ಕೆ ಹೋಯ್ತು. ಅವತ್ತಿಂದ ಕ್ಯಾಥೆಟರ್‌ಗೆ ಕೆಂಪು ಟೇಪ್ ಸುತ್ತಿ "ಲಾಕ್ ಇದೆ, ಮುಟ್ಟಬೇಡಿ" ಅಂತ ಬರೆಯುತ್ತೇನೆ.

ಎರಡನೇ ಸಲ ಲಾಕ್‌ನ ವ್ಯಾಂಕೋಮೈಸಿನ್‌ಗೆ, ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಸೇರಿಸಿದ ಕೂಡಲೇ ಸಿರಿಂಜ್ ಒಳಗೆ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಯ್ತು. ಸುಮಾರು 400 ರೂಪಾಯಿ ವಯಲ್ ತೊಟ್ಟಿಗೆ. ಹೀಗೆ ಮೂರು ವಯಲ್ ಕಳೆದೆ. ಯಾವುದನ್ನು ಮೊದಲು ಎಳೆದು ಎಷ್ಟು ಸಲೈನ್ ಸೇರಿಸಿದರೆ ತಿಳಿಯಾಗಿ ನಿಲ್ಲುತ್ತದೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಯೂನಿಟ್‌ಗೆ ಬನ್ನಿ, ಕೈಯಾರೆ ತೋರಿಸುತ್ತೇನೆ.

ಈ ನಡುವೆ ಬೇರೊಬ್ಬರಿಂದ ತೆಗೆದ ಹಳೇ ಕ್ಯಾಥೆಟರ್ ಒಂದನ್ನು ಬ್ಲೇಡಲ್ಲಿ ಉದ್ದಕ್ಕೆ ಸೀಳಿ, ಲ್ಯಾಬಿನ ಕ್ರಿಸ್ಟಲ್ ವಯಲೆಟ್ ಬಣ್ಣದಲ್ಲಿ ಹತ್ತು ನಿಮಿಷ ನೆನೆಸಿದೆ. ಹೊಸ ತುಂಡನ್ನೂ ಜೊತೆಗೆ ಹಾಕಿದ್ದೆ. ತೊಳೆದರೆ ಹೊಸದರ ಬಣ್ಣ ಹೋಯ್ತು. ಹಳೇದರ ಒಳಗೋಡೆಯಲ್ಲಿ ನೇರಳೆ ಪಟ್ಟೆ ಪಟ್ಟೆ, ಉಗುರಲ್ಲಿ ಕೆರೆದರೆ ಲೋಳೆ. ತುದಿಯ ತೂತುಗಳ ಸುತ್ತ ಜಾಸ್ತಿ. ಡ್ರಿಪ್ ಪೈಪ್ ಬಿಚ್ಚಿ ನೋಡಿದ ರೈತರಿಗೆ ಇದನ್ನ ವಿವರಿಸಬೇಕಾಗಿಲ್ಲ. 70% ಸ್ಪಿರಿಟ್ ಲಾಕ್ ಬಗ್ಗೆಯೂ ಆಸೆ ಇತ್ತು. ಆದರೆ ನಮ್ಮಲ್ಲಿ ಬರೋದು ಪಾಲಿಯುರೆಥೇನ್ ಕ್ಯಾಥೆಟರ್, ಸ್ಪಿರಿಟ್‌ಗೆ ಹಾಳಾಗೋ ಭಯ. ಅದಕ್ಕೆ ಬಿಟ್ಟೆ.

ಕೊನೆಗೆ ಕೈ ಹಿಡಿದಿದ್ದು ಗ್ಯಾಪ್ ಕಡಿಮೆ ಮಾಡಿದ್ದು. ವಾರಕ್ಕೆ ಎರಡೇ ಡಯಾಲಿಸಿಸ್ ಅಂದರೆ ಒಂದೇ ಲಾಕ್ ಮೂರು ನಾಲ್ಕು ದಿನ ಒಳಗೇ ಇರುತ್ತದೆ, ಅಷ್ಟರಲ್ಲಿ ಔಷಧಿಯ ಶಕ್ತಿ ಇಳಿದಿರುತ್ತದೆ. ಡಾಕ್ಟರ್‌ಗೆ ಹೇಳಿ ಮಧ್ಯದ ದಿನಗಳಲ್ಲೂ ಆಯಮ್ಮನನ್ನು ಕರೆಸಿ ಲಾಕ್ ಮಾತ್ರ ಬದಲಾಯಿಸಿದೆವು, 48 ಗಂಟೆ ದಾಟಲು ಬಿಡಲಿಲ್ಲ. ಬಸ್ ಚಾರ್ಜ್ ನಾವೇ ಸ್ಟಾಫ್ ಸೇರಿ ಹಾಕಿದೆವು. ನರಕ್ಕೆ ವ್ಯಾಂಕೋಮೈಸಿನ್ ಜೊತೆಜೊತೆಗೇ ನಡೀತು. ಹಬ್ ಅನ್ನು (ಕ್ಯಾಥೆಟರ್‌ನ ಹೊರಬಾಯಿ) ಪ್ರತಿ ಸಲ 15 ಸೆಕೆಂಡ್ ಎಣಿಸಿ ಉಜ್ಜಿದೆ. ಹಳೇ ಲಾಕ್ ಎಳೆದು ತೆಗೆಯದೆ ಒಮ್ಮೆಯೂ ಮೆಷಿನ್‌ಗೆ ಹಾಕಲಿಲ್ಲ. ಎರಡು ವಾರದ ಮೇಲೆ ಎರಡು ಮೂರು ದಿನ ಹಿಡೀತು. ಔಷಧಿ ನಿಲ್ಲಿಸಿ ಒಂದು ವಾರ ಬಿಟ್ಟು ಕಳಿಸಿದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಖರ್ಚು ಐದಾರು ಸಾವಿರ ದಾಟಿಲ್ಲ.

ಈಗ ಎಂಟು ತಿಂಗಳಾಯ್ತು. ಅದೇ ಕ್ಯಾಥೆಟರ್, ನಿಮಿಷಕ್ಕೆ 280 ಎಂ.ಎಲ್. ರಕ್ತದ ಫ್ಲೋ ಸಿಗುತ್ತಿದೆ. ಆಗದ ಕೆಲಸ ಅಂದಿದ್ದ ಸೀನಿಯರ್ ಒಬ್ಬರು ಹೋದ ವಾರ ಫೋನ್ ಮಾಡಿ, ಒಂದೊಂದು ಲೂಮೆನ್‌ಗೆ (ಕ್ಯಾಥೆಟರ್‌ನ ಒಳದಾರಿ) ಎಷ್ಟು ಎಂ.ಎಲ್. ಹಾಕ್ತೀಯಾ ಅಂತ ಕೇಳಿದರು. ಕ್ಲ್ಯಾಂಪ್ ಮೇಲೆ ಬರೆದಿದೆ ನೋಡಿ ಸಾರ್, ಅಷ್ಟೇ ಹಾಕಿ, ಒಂದು ಹನಿ ಜಾಸ್ತಿ ಬೇಡ ಅಂದೆ.